ಗಂಗಕ್ಕ ಕೇಳದೆ ಹೋದ ಮಾತು

ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮಿಷನ್ ಹಾಕಿಕೊಂಡಿರುವ ಸಿದ್ದಗಂಗಮ್ಮನನ್ನು ಪೂರ್ತಿ ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಊರಿಗೆಲ್ಲ ಅವಳು ಗಂಗಕ್ಕ. ವಯಸ್ಸು ಐವತ್ನಾಲ್ಕು. ಅದರಲ್ಲಿ ಮೂವತ್ತು ವರ್ಷ ಬ್ಲೌಸ್ ಹೊಲಿದಿದ್ದಾಳೆ. ತೋಳು ಬಿಗಿಯಾಗದ, ಬೆನ್ನ ಮೇಲೆ ಸುಕ್ಕು ಬೀಳದ ಬ್ಲೌಸ್ ಬೇಕೆನ್ನುವವರು ನಿಟ್ಟೂರಿನಿಂದಲೂ ಬಟ್ಟೆ ತಂದು ಕೊಡುತ್ತಾರೆ.

ಅಳತೆ ಕೊಡಲು ನಿಂತ ಹೆಂಗಸರು ಬೇರೆಲ್ಲೂ ಆಡದ ಮಾತನ್ನು ಅಲ್ಲಿ ಆಡುತ್ತಾರೆ. ಬಾಗಿಲಿಗೆ ಪರದೆ ಎಳೆದಿರುತ್ತದೆ. ಟೇಪು ಹಿಡಿದವಳು ಬೆನ್ನ ಹಿಂದೆ ನಿಂತಿರುತ್ತಾಳೆ, ಮುಖ ನೋಡಿಕೊಂಡು ಹೇಳಬೇಕಾದ ಮುಜುಗರವಿಲ್ಲ. "ಈ ತಿಂಗ್ಳು ಹದಿನೈದ್ ದಿನ ಆಯ್ತು ಗಂಗಕ್ಕ, ನಿಲ್ತಾನೇ ಇಲ್ಲ" ಎಂದೋ, "ಹೊಟ್ಟೆ ಕೆಳಗೆ ಕಲ್ಲಿಟ್ಟಂಗ್ ಐತೆ" ಎಂದೋ ಮೆಲ್ಲಗೆ ಬಾಯಿಬಿಡುತ್ತಾರೆ. ಇಂಥ ಮಾತು ಕೇಳಿದಾಗಲೆಲ್ಲ ಗಂಗಕ್ಕ ಒಂದೇ ಉತ್ತರ ಕೊಡುತ್ತಿದ್ದಳು.

"ಗರ್ಭಕೋಶ ತಗ್ಸಾಕ್ಬುಡು. ಇಟ್ಕಂಡು ಯಾಕೆ ಒದ್ದಾಡ್ತೀಯ? ನಾನ್ ತಗ್ಸಿಲ್ವಾ, ಹೆಂಗಿದೀನಿ ನೋಡು."

ಹಾಗೆ ಹೇಳುವುದಕ್ಕೆ ಅವಳಿಗೊಂದು ಕಾರಣವಿತ್ತು. ಮೂವತ್ತೆರಡನೇ ವಯಸ್ಸಿನಿಂದ ಮೂವತ್ತೆಂಟರವರೆಗೆ ಗಂಗಕ್ಕ ಪಟ್ಟ ಪಾಡು ಅಷ್ಟಿಷ್ಟಲ್ಲ. ತಿಂಗಳಲ್ಲಿ ಹತ್ತು ಹನ್ನೆರಡು ದಿನ ರಕ್ತ ಹೋಗುತ್ತಿತ್ತು, ಅದೂ ಹೆಪ್ಪು ಹೆಪ್ಪಾಗಿ. ಯಾರ ಮನೆಯ ಮದುವೆಗೆ ಹೋದರೂ ಕಪ್ಪು ಅಂಚಿನ ಕಡುನೀಲಿ ಸೀರೆ, ಕೂತರೆ ಏಳಲು ಹೆದರಿಕೆ. ಸುಸ್ತು ಹೆಚ್ಚಾದಂತೆ ಒಂದು ವಿಚಿತ್ರ ಚಪಲ ಹತ್ತಿಕೊಂಡಿತು. ಬಟ್ಟೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣವನ್ನು ಅವಳು ತಿನ್ನತೊಡಗಿದಳು. ಮೊದಲು ತುದಿ ಕಚ್ಚುತ್ತಿದ್ದಳು, ಆಮೇಲೆ ದಿನಕ್ಕೆ ಎರಡು ಮೂರು ತುಂಡು. ಗಂಡ ಅಡವಿಯಪ್ಪ, ಪಟ್ಟಣ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸದವನು, "ಇದೇನೇ, ಬಸ್ರಿ ಹೆಂಗ್ಸಂಗೆ" ಎಂದು ನಗುತ್ತಿದ್ದ. ಒಂದು ದಿನ ಅವಳು ಮಿಷನ್ ಮೇಲೆಯೇ ತಲೆ ಸುತ್ತಿ ಬಿದ್ದಾಗ ಅವನ ನಗು ಹಾರಿಹೋಯಿತು.

ತುಮಕೂರಿನ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ಮೈಯಲ್ಲಿ ಇರಬೇಕಾದ ರಕ್ತದ ಅರ್ಧವೂ ಇರಲಿಲ್ಲ. ಮೂರು ಬಾಟಲಿ ರಕ್ತ ಏರಿಸಿದರು. ಗರ್ಭಕೋಶದ ತುಂಬ ಗಡ್ಡೆಗಳು, ಸಣ್ಣದು ದೊಡ್ಡದು ಸೇರಿ ಏಳೋ ಎಂಟೋ. ಹೊಟ್ಟೆ ಐದು ತಿಂಗಳ ಬಸುರಿಯಷ್ಟು ಬೆಳೆದಿತ್ತು. ಇಬ್ಬರು ಹೆಣ್ಣುಮಕ್ಕಳು ಆಗಲೇ ಶಾಲೆಗೆ ಹೋಗುತ್ತಿದ್ದರು. ಗರ್ಭಕೋಶ ತೆಗೆದುಬಿಟ್ಟರು. ಮೂರು ತಿಂಗಳ ಮೇಲೆ ಗಂಗಕ್ಕ ಮೆಟ್ಟಿಲು ಹತ್ತಿ ಮಾಳಿಗೆಯಲ್ಲಿ ಬಟ್ಟೆ ಒಣಹಾಕಿ, ಏದುಸಿರಿಲ್ಲದೆ ಇಳಿದು ಬಂದು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತಳು. ಸೀಮೆಸುಣ್ಣ ಕಂಡರೆ ಈಗ ಬಾಯಲ್ಲಿ ನೀರೂರುತ್ತಿರಲಿಲ್ಲ. ಹೆದರದೆ ಬಿಳಿ ಸೀರೆ ಉಟ್ಟು ಸಿದ್ಧಗಂಗೆ ಮಠಕ್ಕೆ ಹೋಗಿ ಬಂದಳು.

ಆ ಆಪರೇಷನ್ ಅವಳನ್ನು ಬದುಕಿಸಿತು. ಇದರಲ್ಲಿ ಸುಳ್ಳಿಲ್ಲ. ಅವಳು ಮಾಡಿಕೊಂಡ ತಪ್ಪೆಂದರೆ, ತನಗೆ ಒಗ್ಗಿದ್ದು ಎಲ್ಲ ಹೆಂಗಸರಿಗೂ ಒಗ್ಗುತ್ತದೆ ಎಂದುಕೊಂಡದ್ದು. ತಾನೇ ಮುಂದೆ ನಿಂತು ಹೆಂಗಸರನ್ನು ಅದೇ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋಗತೊಡಗಿದಳು. ಗಂಡಂದಿರಿಗೆ ಬುದ್ಧಿ ಹೇಳಿದಳು, ಅತ್ತೆಯರ ಬಾಯಿ ಮುಚ್ಚಿಸಿದಳು, ವಾರ್ಡಿನಲ್ಲಿ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದಳು. ಹತ್ತು ಹನ್ನೆರಡು ವರ್ಷದಲ್ಲಿ ಹನ್ನೆರಡೋ ಹದಿಮೂರೋ ಮಂದಿ ಆದರು. ಹೆಚ್ಚಿನವರು ಕೈ ಮುಗಿದರು. ಒಬ್ಬಿಬ್ಬರು ಆಮೇಲೆ ಸೊಂಟ ನೋವು, ನಿದ್ದೆ ಬರಲ್ಲ ಎಂದಾಗ, "ವಯಸ್ಸಾಯ್ತಲ್ಲವ್ವ" ಎಂದು ತೇಲಿಸಿ ಕಳಿಸಿದ್ದಳು.

ಐದು ವರ್ಷದ ಹಿಂದೆ ರಂಜನಿ ಬಂದಳು. ತವರು ಕುಣಿಗಲ್. ಗಂಡ ಗುರುಪ್ರಸಾದ್ ತುಮಕೂರಿನ ಪಕ್ಕದ ಸತ್ಯಮಂಗಲದ ಸಣ್ಣದೊಂದು ಕಾರ್ಖಾನೆಗೆ ದಿನಾ ಗುಬ್ಬಿಯಿಂದ ಓಡಾಡುತ್ತಿದ್ದ. ರಂಜನಿಗೆ ಮೂವತ್ತು ವರ್ಷ, ನಾಲ್ಕು ವರ್ಷದ ಒಬ್ಬಳು ಮಗಳು. ಮೆದು ಮಾತಿನ ಹುಡುಗಿ. ತಮ್ಮನ ನಿಶ್ಚಿತಾರ್ಥಕ್ಕೆಂದು ಹಸಿರು ರೇಷ್ಮೆ ಬ್ಲೌಸ್ ಬಟ್ಟೆ ತಂದಿದ್ದಳು. ಅಳತೆಯ ನಡುವೆ "ಒಂದ್ನಿಮಿಷ ಕೂತ್ಕೋತೀನಿ ಗಂಗಕ್ಕ" ಎಂದು ಸ್ಟೂಲಿನ ಮೇಲೆ ಕುಸಿದಳು. ಗಂಗಕ್ಕ ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ, ಮೇಜಿನ ಮೇಲಿದ್ದ ಸೀಮೆಸುಣ್ಣದ ಚೂರೊಂದನ್ನು ರಂಜನಿ ಬಾಯಿಗೆ ಹಾಕಿಕೊಂಡಿದ್ದಳು. ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿದಳು.

ಗಂಗಕ್ಕ ಲೋಟ ಕೆಳಗಿಟ್ಟಳು. ರಂಜನಿಯ ಕೆಳರೆಪ್ಪೆ ಎಳೆದು ನೋಡಿದಳು, ಬಿಳಿಚಿಕೊಂಡಿತ್ತು. ಉಗುರು ನೋಡಿದಳು.

"ಎಷ್ಟ್ ದಿನ ಹೋಗ್ತೈತೆ?"

"ಎಂಟೊಂಬತ್ತು ದಿನ. ಮೊದ್ಲೆರಡು ದಿನ ಎದ್ದೇಳಕ್ಕೇ ಆಗಲ್ಲ ಅಕ್ಕ."

"ಯಾರ್ಗಾರ ತೋರಿಸ್ದಾ?"

"ಹೋದ್ ತಿಂಗ್ಳು ತುಮಕೂರಲ್ಲಿ ಒಬ್ರು ಡಾಕ್ಟರಮ್ಮಂಗೆ ತೋರ್ಸಿದೆ. ಕಬ್ಬಿಣದ ಮಾತ್ರೆ ಬರ್ಕೊಟ್ರು. ಸ್ಕ್ಯಾನ್ ಮಾಡಿಸ್ಕಂಡು ಬನ್ನಿ, ಏನೇ ಇದ್ರೂ ದಾರಿ ಇದಾವೆ, ಕೂತ್ಕಂಡ್ ಮಾತಾಡಣ ಅಂದ್ರು. ಇನ್ನೂ ಹೋಗಿಲ್ಲ."

ರಂಜನಿಯ ಮುಖದಲ್ಲಿ ಗಂಗಕ್ಕನಿಗೆ ಕಂಡದ್ದು ತನ್ನದೇ ಹಳೆಯ ಮುಖ. ಮಾರನೆಯ ದಿನವೇ ಅಂಗಡಿಗೆ ಬಾಗಿಲು ಹಾಕಿ ಅವಳನ್ನು ಕರೆದುಕೊಂಡು ತುಮಕೂರಿನ ಬಸ್ಸು ಹತ್ತಿದಳು. ಸ್ಕ್ಯಾನ್ ಮಾಡಿದವರು, "ಒಂದೇ ಗಡ್ಡೆ, ಎರಡೂವರೆ ಸೆಂಟಿಮೀಟರ್. ಆದ್ರೆ ಒಳಪದರಕ್ಕೆ ಚಾಚ್ಕೊಂಡಿದೆ, ಅದಕ್ಕೇ ಇಷ್ಟು ಬ್ಲೀಡಿಂಗ್" ಎಂದರು. ಹೊರಗೆ ಬಂದ ಮೇಲೆ ರಂಜನಿ, "ಆ ಡಾಕ್ಟರಮ್ಮಂಗೆ ಇದನ್ನ ತೋರ್ಸಣ್ವಾ?" ಎಂದು ಕೇಳಿದಳು.

"ಅವ್ರು ಮಾತ್ರೆ ಮೇಲೆ ಮಾತ್ರೆ ಬರೀತಾರೆ, ಇನ್ನೆರಡು ವರ್ಷ ಎಳೀತಾರೆ" ಎಂದಳು ಗಂಗಕ್ಕ. "ಗಡ್ಡೆ ತೆಗೆದ್ರೆ ಮತ್ತೆ ಬೆಳೀತೈತೆ. ಇಟ್ಕಂಡ್ರೆ ನಾಳೆ ಕ್ಯಾನ್ಸರ್ ಆಗ್ತೈತೆ. ನನ್ ಮಾತ್ ಕೇಳು."

ಕ್ಯಾನ್ಸರ್ ಆಗುತ್ತದೆಂದು ಅವಳಿಗೆ ಯಾವ ಡಾಕ್ಟರೂ ಹೇಳಿರಲಿಲ್ಲ. ವಾರ್ಡಿನಲ್ಲಿ ಯಾರೋ ಪಕ್ಕದ ಮಂಚದವಳು ಹೇಳಿದ್ದನ್ನು ಇಷ್ಟು ವರ್ಷ ತಾನೂ ಹೇಳಿಕೊಂಡು ಬಂದಿದ್ದಳು. ಆ ಒಂದು ಪದಕ್ಕೆ ಗುರುಪ್ರಸಾದ್ ಬೆದರಿಹೋದ. ಮೂರನೇ ದಿನ ಅದೇ ನರ್ಸಿಂಗ್ ಹೋಮಿನಲ್ಲಿ ಅಡ್ಮಿಟ್ ಮಾಡಿದ.

ಆಪರೇಷನ್ನಿಗೆ ಕರೆಯುವ ಮೊದಲು ಕಾರಿಡಾರಿನ ಬೆಂಚಿನ ಮೇಲೆ ಇಬ್ಬರೇ ಕೂತಿದ್ದರು. ರಂಜನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಗಂಗಕ್ಕ, ಇದಾದ್ಮೇಲೆ ಇನ್ನೊಂದು ಮಗು..." ಎಂದು ಶುರುಮಾಡಿದಳು.

"ಒಂದೈತಲ್ಲವ್ವ" ಎಂದಳು ಗಂಗಕ್ಕ, ಅವಳ ಬೆನ್ನು ಸವರುತ್ತಾ. "ನೀನ್ ಗಟ್ಟಿ ಇದ್ರೆ ತಾನೇ ಅದನ್ನ ಸಾಕೋದು."

ರಂಜನಿ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಡಿಸಿಕೊಂಡಳು. ಒಳಗೆ ಕರೆದರು, ಎದ್ದು ಹೋದಳು. ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದಿದ್ದಾರೆಂದು ಅವರಿಗೆ ತಿಳಿದದ್ದು ಮನೆಗೆ ಹೋಗುವ ದಿನ, ಡಿಸ್ಚಾರ್ಜ್ ಚೀಟಿಯಲ್ಲಿ.

ಆ ವರ್ಷದ ಕೊನೆಗೆ ಗುರುಪ್ರಸಾದನಿಗೆ ಕುಣಿಗಲ್ ಕಡೆ ಕೆಲಸ ಸಿಕ್ಕಿ ಸಂಸಾರ ಅಲ್ಲಿಗೆ ಹೋಯಿತು. ರಂಜನಿಯಿಂದ ಫೋನ್ ಬರುವುದು ನಿಂತಿತು. ಊರು ಬಿಟ್ಟವರು, ಅವರವರ ತಾಪತ್ರಯ ಅವರಿಗೆ ಎಂದುಕೊಂಡು ಗಂಗಕ್ಕ ಮರೆತಳು.

ಎರಡು ವರ್ಷ ಕಳೆಯಿತು. ಒಂದು ಭಾನುವಾರ ಕಿರಿಯ ಮಗಳು ಕೃತಿಕಾ ಫೋನ್ ಮಾಡಿದಳು. ತುಮಕೂರಿನಲ್ಲಿ ಪಿಯು ಕಾಲೇಜಿನ ಲೆಕ್ಚರರ್ ಅವಳು. ಗಂಡ ಅಂಜನ್‌ಕುಮಾರ್, ಮದುವೆಯಾಗಿ ಎರಡು ವರ್ಷ, ಮಗುವಿನ್ನೂ ಆಗಿರಲಿಲ್ಲ.

"ಅಮ್ಮ, ಸ್ಕ್ಯಾನಲ್ಲಿ ಫೈಬ್ರಾಯ್ಡ್ ಇದೆ ಅಂದ್ರು. ನಿಂಗಿತ್ತಲ್ಲ, ಅದೇ."

ಗಂಗಕ್ಕ ಸಿಕ್ಕ ಬಸ್ಸು ಹತ್ತಿದಳು. ಮಧ್ಯಾಹ್ನದ ಹೊತ್ತಿಗೆ ಮಗಳ ಮನೆಯಲ್ಲಿದ್ದಳು. ಸೋಮವಾರ ಡಾಕ್ಟರ ಮುಂದೆ ಕೂತಾಗ ಕೃತಿಕಾಗಿಂತ ಮುಂಚೆ ಅವಳೇ ಬಾಯಿ ತೆಗೆದಳು.

"ಡಾಕ್ಟರಮ್ಮ, ಗರ್ಭಕೋಶ ತೆಗೀದಂಗೆ ಏನೂ ಮಾಡಕ್ಕಾಗಲ್ವಾ? ಇವ್ಳಿಗಿನ್ನೂ ಮಕ್ಳಾಗ್ಬೇಕು."

ನಡುವಯಸ್ಸಿನ ಆ ಡಾಕ್ಟರು ನಕ್ಕರು. "ತೆಗೀಬೇಕು ಅಂತ ಯಾರ್ ಹೇಳಿದ್ರಮ್ಮ?" ಎಂದು ಒಂದು ಹಾಳೆಯ ಹಿಂಬದಿಯಲ್ಲಿ ಪೆನ್ನಿನಿಂದ ಚಿತ್ರ ಬರೆದರು. ಗರ್ಭಕೋಶಕ್ಕೆ ಹೊರಗಡೆ ಒಂದು ಪದರ, ನಡುವೆ ದಪ್ಪ ಮಾಂಸ, ಒಳಗೊಂದು ತೆಳು ಪದರ. ಗಂಗಕ್ಕನಿಗೆ ಅದು ಲೈನಿಂಗ್ ಹಾಕಿದ ಬ್ಲೌಸಿನಂತೆ ಕಂಡು ಸುಲಭವಾಗಿ ಅರ್ಥವಾಯಿತು. ಗಡ್ಡೆ ಹೊರಮೈಗೆ ಅಂಟಿಕೊಂಡಿದ್ದರೆ ಎಷ್ಟೋ ಸಲ ತೊಂದರೆಯೇ ಕೊಡುವುದಿಲ್ಲ, ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಿದ್ದರೆ ಸಾಕು, ಮುಟ್ಟು ನಿಂತ ಮೇಲೆ ತಾನಾಗಿಯೇ ಕುಗ್ಗುತ್ತದೆ ಎಂದರು. ಒಳಪದರಕ್ಕೆ ಚಾಚಿದರೆ ಚಿಕ್ಕದಾಗಿದ್ದರೂ ರಕ್ತ ಹೆಚ್ಚು.

"ಮೊದ್ಲು ಮೈಯಲ್ಲಿ ರಕ್ತ ತುಂಬಿಸ್ಬೇಕು. ಬ್ಲೀಡಿಂಗ್ ಕಮ್ಮಿ ಮಾಡೋಕೆ ಮಾತ್ರೆ ಇದೆ. ಮಕ್ಕಳು ಸದ್ಯಕ್ಕೆ ಬೇಡ ಅನ್ನೋರಿಗೆ ಗರ್ಭಕೋಶದೊಳಗೆ ಹಾರ್ಮೋನ್ ಇರೋ ವಂಕಿ ಹಾಕ್ತೀವಿ, ಕಾಪರ್-ಟಿ ಥರದ್ದು. ಗಡ್ಡೆ ಕುಗ್ಗಿಸೋಕೆ ಇಂಜೆಕ್ಷನ್ ಇದೆ, ಅದು ಸ್ವಲ್ಪ ಕಾಲಕ್ಕಷ್ಟೆ. ಗಡ್ಡೆಗೆ ಹೋಗೋ ರಕ್ತನಾಳ ಮುಚ್ಚೋ ವಿಧಾನನೂ ಇದೆ, ಅದಕ್ಕೆ ಬೆಂಗಳೂರಿಗೆ ಹೋಗ್ಬೇಕು, ಮಕ್ಕಳು ಬೇಕು ಅನ್ನೋರಿಗೆ ಸಾಮಾನ್ಯವಾಗಿ ನಾವು ಹೇಳಲ್ಲ. ಕೆಲವ್ರಿಗೆ ಹೊಟ್ಟೆ ಕಡೆಯಿಂದ ಗಡ್ಡೆ ಮಾತ್ರ ಬಿಡಿಸಿ ತೆಗೀತೀವಿ. ನಿಮ್ ಮಗಳದ್ದು ಒಂದೇ ಇದೆ, ಒಳಪದರದಲ್ಲಿದೆ. ಕೆಳಗಿಂದಾನೇ ಸಣ್ಣ ಕ್ಯಾಮೆರಾ ಹಾಕಿ ಕೆರೆದು ತೆಗೀಬಹುದು. ಹೊಟ್ಟೆ ಮೇಲೆ ಒಂದು ಗೀರೂ ಇರಲ್ಲ."

"ಮತ್ತೆ ಬೆಳೆಯಲ್ವಾ?"

"ಬೆಳೀಬಹುದು. ಬೆಳೆಯದೇನೂ ಇರಬಹುದು. ಅದನ್ನ ಮೊದಲೇ ಹೇಳಿ, ಅವ್ರು ಒಪ್ಪಿದ್ರೆ ಮಾಡೋದು."

"ಕ್ಯಾನ್ಸರ್?"

"ಈ ಗಡ್ಡೆ ಕ್ಯಾನ್ಸರ್ ಅಲ್ಲಮ್ಮ. ಅಂಥದ್ದು ಬಹಳ ಬಹಳ ಅಪರೂಪ. ಗರ್ಭಕೋಶ ತೆಗೆಯೋದೂ ಒಂದು ದಾರೀನೇ, ಬೇಕಾದೋರಿಗೆ ಅದೇ ಸರಿ. ನಿಮ್ಗೆ ಅದೇ ಸರಿಯಿತ್ತೇನೋ. ಎಲ್ರಿಗೂ ಅಲ್ಲ."

ಗಂಗಕ್ಕ ಚಿತ್ರವನ್ನೇ ನೋಡುತ್ತಿದ್ದಳು. ಒಂದೇ ಗಡ್ಡೆ, ಒಳಪದರ. ಇವೇ ಮಾತುಗಳನ್ನು ಮೊದಲೊಮ್ಮೆ ಕೇಳಿದ್ದೇನೆ ಅನ್ನಿಸಿತು. ರಂಜನಿಯ ಸ್ಕ್ಯಾನ್ ಮಾಡಿದವರು ಹೇಳಿದ್ದೂ ಇದನ್ನೇ ಎಂದು ನೆನಪಾಯಿತು. ಕೃತಿಕಾ ಬಿಲ್ ಕಟ್ಟಲು ಹೊರಗೆ ಹೋದಾಗ, ತಡೆತಡೆದು ರಂಜನಿಯ ವಿಷಯ ಹೇಳಿದಳು. ವಯಸ್ಸು, ಗಡ್ಡೆಯ ಅಳತೆ, ಏನೇನು ತೆಗೆದರು ಎಲ್ಲವನ್ನೂ. "ಅವ್ಳಿಗೂ ಇದೇ ಥರ ಮಾಡ್ಬಹುದಿತ್ತಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ನಾನು ಅವ್ರನ್ನ ನೋಡಿಲ್ಲ, ರಿಪೋರ್ಟ್ ನೋಡಿಲ್ಲ, ಹೇಳೋದು ತಪ್ಪಾಗುತ್ತೆ" ಎಂದರು. ಆಮೇಲೆ, "ನೀವು ಹೇಳಿದ ಹಾಗೇ ಇದ್ದಿದ್ರೆ, ಮೂವತ್ತು ವರ್ಷದವರಿಗೆ ನಾನು ಮೊದಲು ಇದನ್ನೇ ಹೇಳ್ತಿದ್ದೆ" ಎಂದರು. ಅಂಡಾಶಯ ತೆಗೆದಿದ್ದರೆ ಮೈ ಬಿಸಿಯಾಗುವುದು, ಬೆವರುವುದು, ಮೂಳೆ ಸವೆಯುವುದು ಬೇಗ ಶುರುವಾಗುತ್ತದೆ, ಅದಕ್ಕೂ ಔಷಧಿ ಇದೆ, ಒಮ್ಮೆ ಬಂದು ತೋರಿಸಲು ಹೇಳಿ ಎಂದು ನಂಬರ್ ಬರೆದುಕೊಟ್ಟರು.

ಎರಡು ತಿಂಗಳು ಕಬ್ಬಿಣದ ಇಂಜೆಕ್ಷನ್ ಆದ ಮೇಲೆ ಒಂದು ದಿನ ಬೆಳಗ್ಗೆ ಕೃತಿಕಾಳ ಗಡ್ಡೆ ತೆಗೆದರು. ಸಂಜೆ ಐದಕ್ಕೆ ಅವಳು ಮನೆಯಲ್ಲಿ ಇಡ್ಲಿ ತಿನ್ನುತ್ತಾ, ಚಟ್ನಿಗೆ ಉಪ್ಪು ಕಮ್ಮಿ ಎಂದು ದೂರುತ್ತಿದ್ದಳು. ಅಂಜನ್‌ಕುಮಾರ್ ನಗುತ್ತಾ ಉಪ್ಪಿನ ಡಬ್ಬಿ ತಂದಿಟ್ಟ. ಗಂಗಕ್ಕ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಮಗಳಿಗೆಂದರೆ ತಾನಾಗಿ ಬಾಯಿಗೆ ಬಂದ ಆ ಮಾತು, ತೆಗೆಯದೆ ಏನೂ ಮಾಡಲಾಗದೇ ಎಂಬ ಮಾತು, ರಂಜನಿಗೆಂದು ಯಾಕೆ ಬರಲಿಲ್ಲ? ಅವಳೂ ಒಬ್ಬರ ಮಗಳೇ ಆಗಿದ್ದಳಲ್ಲ. ಕೇಳಿದ್ದರೆ ಒಬ್ಬ ಡಾಕ್ಟರಲ್ಲದಿದ್ದರೆ ಇನ್ನೊಬ್ಬರು ಹೇಳುತ್ತಿದ್ದರು. ದಾರಿ ಹೇಳುತ್ತೇನೆಂದು ಕಾದಿದ್ದ ಆ ಮೊದಲ ಡಾಕ್ಟರಮ್ಮನ ಬಳಿಗೆ ರಂಜನಿ ಹೋಗದಂತೆ ತಡೆದವಳೇ ತಾನು.

ರಂಜನಿಗೆ ಹೇಳಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ತೂಗಿದಳು. "ಆಗಿದ್ದಾಯ್ತು, ಹೋಗಿ ಯಾಕೆ ಕೆದಕ್ತೀಯ" ಎಂದ ಅಡವಿಯಪ್ಪ. ಗೊತ್ತಿಲ್ಲದೆ ಹೇಗೋ ನೆಮ್ಮದಿಯಾಗಿರುವವಳಿಗೆ ಹೊಸ ಸಂಕಟ ಕೊಟ್ಟಂತಾಗುತ್ತದೆ ಎಂದು ಅವಳಿಗೂ ಅನ್ನಿಸುತ್ತಿತ್ತು. ಆದರೆ ಔಷಧಿ ಇದೆ ಎಂದಿದ್ದರಲ್ಲ. ಅದನ್ನಾದರೂ ಹೇಳಬೇಕು ಎಂದು ಕಾರ್ತೀಕ ಮಾಸದ ಒಂದು ದಿನ ಹೊರಟೇಬಿಟ್ಟಳು. ತುಮಕೂರಿಗೆ ಬಂದು, ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹಿಡಿದು ಕುಣಿಗಲ್ಲಿನಲ್ಲಿ ಇಳಿದಾಗ ಹನ್ನೊಂದು ಗಂಟೆ.

ಚಳಿಗಾಳಿ ಬೀಸುತ್ತಿತ್ತು. ರಂಜನಿಯ ಮನೆಯಲ್ಲಿ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಬಾಗಿಲು ತೆರೆದ ರಂಜನಿ ಒಂದು ಕ್ಷಣ ಹಾಗೇ ನಿಂತು, "ಬನ್ನಿ ಗಂಗಕ್ಕ" ಎಂದಳು. ಮೈ ತುಂಬಿಕೊಂಡಿದ್ದಳು, ಮುಖ ಮಾತ್ರ ಬಾಡಿತ್ತು. ಹಣೆಯಲ್ಲಿ, ಕತ್ತಿನಲ್ಲಿ ಬೆವರು. ಕಾಫಿ ತಂದುಕೊಟ್ಟು ಎದುರಿಗೆ ಕೂತಳು. ಮಗಳು ಶಾಲೆಗೆ ಹೋಗಿದ್ದಳು.

ಗಂಗಕ್ಕ ಸುತ್ತಿಬಳಸಿ ಮಾತಾಡಲಿಲ್ಲ. ಕೃತಿಕಾಳದ್ದೆಲ್ಲ ಹೇಳಿದಳು. "ನಿಂಗೂ ಅಂಗೇ ಮಾಡ್ಬಹುದಿತ್ತೇನೋ ಕಣವ್ವ. ನಾನ್ ಅಡ್ಡ ಬಂದೆ" ಎಂದಳು.

ರಂಜನಿ ಸೆರಗಿನಿಂದ ಕತ್ತು ಒರೆಸಿಕೊಂಡಳು. "ನಂಗೊತ್ತು ಗಂಗಕ್ಕ."

"ಗೊತ್ತಾ?"

"ಆಪರೇಷನ್ ಆಗಿ ಎರಡು ತಿಂಗ್ಳಿಗೇ ಫೋನಲ್ಲಿ ನೋಡ್ಕಂಡೆ. ಆಮೇಲೆ ಇಲ್ಲಿ ಒಬ್ರು ಡಾಕ್ಟರನ್ನೂ ಕೇಳ್ದೆ. ಅದಕ್ಕೇ ನಿಮ್ಗೆ ಫೋನ್ ಮಾಡೋದ್ ಬಿಟ್ಟೆ."

ಗಂಗಕ್ಕ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ಬೈಯವ್ವ ನನ್ನ. ಬೈದ್ಬುಡು" ಎಂದಳು.

"ಬೈಯಕ್ಕೆ ಆಗಲ್ವಲ್ಲ, ಅದೇ ಕಷ್ಟ. ನಾನು ತಲೆ ಸುತ್ತಿ ಬೀಳ್ತಿದ್ದಾಗ ಮನೇಲಿ ಯಾರೂ ನೋಡ್ಲಿಲ್ಲ, ನೀವ್ ನೋಡಿದ್ರಿ. ಅಂಗಡಿ ಮುಚ್ಚಿ ಬಂದು ಆಸ್ಪತ್ರೇಲಿ ನನ್ ಪಕ್ಕದಲ್ಲಿ ಮಲಗಿದ್ರಿ. ಬೇರೆಯವ್ರು ಹೇಳಿದ್ದಿದ್ರೆ ಹತ್ತು ಪ್ರಶ್ನೆ ಕೇಳ್ತಿದ್ದೆ. ನೀವ್ ಹೇಳಿದ್ರಲ್ಲ ಅಂತ ಕೇಳ್ಲಿಲ್ಲ. ಬೆಂಚ್ ಮೇಲೆ ಕೂತಾಗ ಒಂದೇ ಒಂದು ಕೇಳೋಕ್ ಹೋದೆ. ಡಾಕ್ಟರ್ ಹತ್ರ ಕೇಳ್ಬೇಕಾದ್ದು ಅದು. ನೀವೇ ಉತ್ರ ಹೇಳ್ಬಿಟ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಗಂಗಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು.

ತುಮಕೂರಿನ ಡಾಕ್ಟರ ನಂಬರ್ ಇದ್ದ ಚೀಟಿಯನ್ನು ಟೀಪಾಯಿ ಮೇಲಿಟ್ಟಳು. "ಈ ಬೆವರಿಗೆ, ಮೂಳೆಗೆ ಔಷಧಿ ಐತಂತೆ. ಹೋಗು ಅಂತ ನಾನ್ ಹೇಳಲ್ಲ. ನಿಂಗೆ ಬೇಕು ಅನ್ಸಿದ್ರೆ ಹೋಗು. ಜೊತೇಲಿ ನಾನ್ ಬರಲ್ಲ." ರಂಜನಿ ಚೀಟಿ ಎತ್ತಿಕೊಂಡು ಓದಿ, ಮಡಿಸಿ ಫೋನಿನ ಕವರಿನೊಳಗೆ ಸೇರಿಸಿದಳು. ಊಟ ಮಾಡಿಕೊಂಡು ಹೋಗಿ ಅಂದಳು. ಗಂಗಕ್ಕ ಉಣ್ಣಲಿಲ್ಲ. ಗೇಟಿನವರೆಗೆ ಬಂದು ಬಿಟ್ಟಳು ರಂಜನಿ, ಮತ್ತೆ ಬನ್ನಿ ಎಂದು ಮಾತ್ರ ಹೇಳಲಿಲ್ಲ. ತಿಂಗಳ ಮೇಲೆ ಗುರುಪ್ರಸಾದ್ ಫೋನ್ ಮಾಡಿ ಡಾಕ್ಟರ ಕ್ಲಿನಿಕ್ ಯಾವ ಕಡೆ ಬರುತ್ತದೆ ಎಂದು ಕೇಳಿದ. ಶಿರಾ ಗೇಟಿನಿಂದ ಹೇಗೆ ಬರಬೇಕೆಂದು ಗಂಗಕ್ಕ ವಿವರವಾಗಿ ಹೇಳಿದಳು. "ಸರಿ ಅಕ್ಕ" ಎಂದು ಇಟ್ಟುಬಿಟ್ಟ.

ಅಳತೆಗೆ ಬಂದ ಹೆಂಗಸರು ಈಗಲೂ ತಮ್ಮ ಕಷ್ಟ ಹೇಳುತ್ತಾರೆ. ಗಂಗಕ್ಕ ಮೊದಲಿನ ಹಾಗೆ ಉತ್ತರ ಕೊಡುವುದಿಲ್ಲ. ಎಷ್ಟು ಗಡ್ಡೆ, ಎಲ್ಲಿದೆ, ಮಕ್ಕಳು ಬೇಕೋ ಸಾಕೋ, ಇದನ್ನೆಲ್ಲ ಡಾಕ್ಟರ ಬಾಯಲ್ಲೇ ಕೇಳಿ, ಬೇಕಾದರೆ ಇಬ್ಬರನ್ನು ಕೇಳಿ ಎನ್ನುತ್ತಾಳೆ. "ನೀವ್ ತಗ್ಸಿ ಚೆನ್ನಾಗಿದೀರಲ್ಲ, ನಂಗೂ ಅದ್ನೇ ಹೇಳಿ" ಎಂದು ಹೋದ ವರ್ಷ ಒಬ್ಬಾಕೆ ಹಟ ಹಿಡಿದಳು. "ನಂಗೊತ್ತಿಲ್ಲ ಕಣಮ್ಮ" ಎಂದಾಗ ಆಕೆಗೆ ಅಸಮಾಧಾನವಾಯಿತು. ಇನ್ಯಾರದೋ ಮಾತು ಕೇಳಿ ತೆಗೆಸಿಕೊಂಡು ಬಂದಳಂತೆ. ಆಕೆಗೆ ಅದೇ ಸರಿಯಿತ್ತೋ ಏನೋ, ಗಂಗಕ್ಕನಿಗೆ ನಿಜವಾಗಿಯೂ ಗೊತ್ತಿಲ್ಲ.

ಕಳೆದ ಆಷಾಢದಲ್ಲಿ ಕೃತಿಕಾಗೆ ಹೆಣ್ಣುಮಗು ಆಯಿತು. ಬಾಣಂತನ ಗುಬ್ಬಿಯಲ್ಲೇ. ನಾಮಕರಣಕ್ಕೆ ಯಾರ್ಯಾರನ್ನು ಕರೆಯಬೇಕೆಂದು ಕೂತು ಮಾತಾಡುವಾಗ ಅಡವಿಯಪ್ಪ ಕೇಳಿದ, "ಕುಣಿಗಲ್ ರಂಜನಿಗೆ ಹೇಳಣ್ವಾ?"

"ಬ್ಯಾಡ ಸುಮ್ನಿರಿ" ಎಂದಳು ಗಂಗಕ್ಕ. "ಈ ಮಗೂನ ನೋಡಿ ಅವ್ಳ ಹೊಟ್ಟೆ ಉರಿಯೋದು ಬ್ಯಾಡ."

ನಾಮಕರಣ ಮುಗಿದು ನೆಂಟರೆಲ್ಲ ಹೋದ ಮೇಲೆ, ಮಗುವಿಗೆ ಎಣ್ಣೆ ನೀವುತ್ತಾ ಕೂತಿದ್ದಾಗ ಅವಳ ಕೈ ನಿಂತುಹೋಯಿತು. ರಂಜನಿ ಬರುತ್ತಿದ್ದಳೋ ಇಲ್ಲವೋ, ಬಂದರೆ ನೋಯುತ್ತಿದ್ದಳೋ, ಕರೆಯದೆ ಹೋದದ್ದಕ್ಕೇ ನೊಂದಳೋ, ಅದನ್ನು ಹೇಳಬೇಕಾದವಳು ರಂಜನಿ. ಈ ಸಲವೂ ತಾನು ಅವಳನ್ನು ಕೇಳಿರಲಿಲ್ಲ.